ಜಲಧಾರಾ ನೌಕೆಯೂ ಅಲೆಯ ಸವಾರಿಯೂ

ನೀರಿನ ಮೇಲೆ ಬರೆದ ಅಕ್ಷರ ನಿಲ್ಲದೆಂಬ ಮಾತು ನಮ್ಮಲ್ಲಿ ಗಾದೆಯಂತೆ ನಡೆದುಬಂದಿದೆ. ಆದರೂ ಹೊಳೆಯಲ್ಲಿಯೋ ಕೆರೆಯಲ್ಲಿಯೋ ದೋಣಿಯೊಂದು ವೇಗವಾಗಿ ಸಾಗುವಾಗ ಅದರ ಹಿಂದೆ ಒಂದು ಅಲೆ ಎದ್ದು, ದೋಣಿಯು ನಡೆದಷ್ಟು ಹೊತ್ತೂ ಅದರ ಬೆನ್ನು ಬಿಡದೆ ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ವೇಕ್’ ಎಂದು ಹೆಸರು; ಈ ಲೇಖನದಲ್ಲಿ ಇದನ್ನು ಹಿಂದಲೆ ಎಂದು ಕರೆಯೋಣ. ಈ ಹಿಂದಲೆಯ ಇಳಿಜಾರಿನಲ್ಲಿ ಹಲಗೆಯೊಂದರ ಮೇಲೆ ನಿಂತು, ಮೊದಲು ಹಿಡಿದಿದ್ದ ಹಗ್ಗವನ್ನೂ ಕೈಬಿಟ್ಟು, ಅಲೆಯ ಬಲವೊಂದರಿಂದಲೇ ದೋಣಿಯ ಸಂಗಡ ಸಾಗುವ ಜಲಕ್ರೀಡೆಯೊಂದು ಈಗ ಹಲವು ದೇಶಗಳ ಸರೋವರಗಳಲ್ಲಿ ಬಳಕೆಯಲ್ಲಿದೆ. ಅದನ್ನು ‘ವೇಕ್ ಸರ್ಫಿಂಗ್’ ಎನ್ನುವರು.

ಇಂತಹ ಆಟದ ವಿಚಾರಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಎಡೆಯೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಮನುಷ್ಯನು ಕೈಯಲ್ಲಿ ಹಿಡಿಯುವ ಪ್ರತಿಯೊಂದು ಉಪಕರಣಕ್ಕೂ ಒಂದು ವಂಶಾವಳಿಯುಂಟು. ಆ ವಂಶಾವಳಿಯನ್ನು ತಿಳಿಯದೆ ಉಪಕರಣವನ್ನು ಬಳಸಹೊರಟವನು ಅದರ ಸ್ವಭಾವಕ್ಕೆ ವಿರುದ್ಧವಾಗಿ ನಡೆದು ಕೇಡನ್ನು ತಂದುಕೊಳ್ಳುವುದೂ ಉಂಟು. ಹೊಸದಾಗಿ ಕಲಿಯುವವನಿಗಾಗಿ ಚಿಕ್ಕದೊಂದು ಜೆಟ್ ದೋಣಿಯನ್ನು ಅಣಿಗೊಳಿಸುವ ಕೆಲಸವು ಇದಕ್ಕೆ ತಕ್ಕ ನಿದರ್ಶನ. ಅಲೆಯನ್ನೇರುವ ಕಲೆ, ಅಲೆಯನ್ನು ಅಳೆಯುವ ಶಾಸ್ತ್ರ, ನೀರನ್ನು ಹಿಂದಕ್ಕೆಸೆದು ಮುಂದೆ ನುಗ್ಗುವ ನೌಕೆ, ಈ ಮೂರರ ಚರಿತ್ರೆಗಳು ಇಲ್ಲಿ ತ್ರಿವೇಣಿಯಂತೆ ಕೂಡುತ್ತವೆ. ಒಂದೊಂದನ್ನಾಗಿ ವಿಚಾರಿಸಿ ನೋಡೋಣ.

ಮೊದಲನೆಯದು ಕಲೆ. ಇದರ ತವರು ಶಾಂತಸಾಗರದ ನಡುವಿನ ದ್ವೀಪಗಳು. ಅವುಗಳಲ್ಲಿಯೂ ವಿಶೇಷವಾಗಿ ಹವಾಯಿ. ಅಲ್ಲಿಯ ಭಾಷೆಯಲ್ಲಿ ಇದಕ್ಕೆ ‘ಹೇಎ ನಾಲು’ ಎಂದು ಹೆಸರು; ‘ನಾಲು’ ಎಂದರೆ ಅಲೆ. ಅರಸರೂ ಪ್ರಜೆಗಳೂ, ಸ್ತ್ರೀಯರೂ ಪುರುಷರೂ ಈ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದರು. ‘ಓಲೋ’ ಎಂಬ ಬಹು ಉದ್ದವಾದ ಹಲಗೆಯು ನಾಯಕರಿಗೆ ಮೀಸಲಾಗಿತ್ತು; ‘ಅಲಾಯಾ’ ಎಂಬ ತೆಳುವಾದ ಹಲಗೆಯು ಸರ್ವರಿಗೂ ಸಲ್ಲುತ್ತಿತ್ತು. ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ಕನು ೧೭೭೮ರಲ್ಲಿ ಆ ದ್ವೀಪಗಳನ್ನು ಮುಟ್ಟಿದನು. ಮರುವರ್ಷ ಕೆಅಲಕೆಕುಆ ಕೊಲ್ಲಿಯಲ್ಲಿ ಅವನು ಹತನಾದ ಮೇಲೆ, ಅವನ ಸಂಗಡ ಹೋಗಿದ್ದ ಜೇಮ್ಸ್ ಕಿಂಗ್ ಎಂಬ ಅಧಿಕಾರಿಯು ದ್ವೀಪವಾಸಿಗಳು ಹಲಗೆಯ ಮೇಲೆ ಅಲೆಯನ್ನೇರಿ ದಡಕ್ಕೆ ಬರುತ್ತಿದ್ದ ಬಗೆಯನ್ನು ಬರೆದಿಟ್ಟನು.

ಆ ಬಳಿಕ ಬಂದದ್ದು ದುಃಖದ ಕಾಲ. ಹೊರಗಿನಿಂದ ಬಂದ ವ್ಯಾಧಿಗಳಿಗೆ ತುತ್ತಾಗಿ ದ್ವೀಪದ ಜನಸಂಖ್ಯೆಯೇ ಕುಗ್ಗಿಹೋಯಿತು. ೧೮೨೦ರಲ್ಲಿ ಬಂದಿಳಿದ ಮಿಷನರಿಗಳಿಗೆ ಈ ಕ್ರೀಡೆಯೊಡನಿದ್ದ ಪಣವೂ ಬೆತ್ತಲೆ ಮೈಯೂ ರುಚಿಸಲಿಲ್ಲ. ಹೊಸ ದುಡಿಮೆಯ ಕ್ರಮಗಳು ಬಂದು ಹಳೆಯ ಬಿಡುವಿನ ಕಾಲವನ್ನೂ ಕಸಿದುಕೊಂಡವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕೆಲವೇ ಕಡಲತೀರಗಳಲ್ಲಿ ಈ ವಿದ್ಯೆ ಕುಟುಕುಜೀವ ಹಿಡಿದುಕೊಂಡಿತ್ತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ಮುಖ್ಯನು ವೈಕಿಕಿಯ ಡ್ಯೂಕ್ ಕಹನಮೋಕು. ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ ಪಂದ್ಯಗಳಲ್ಲಿ ನೂರು ಮೀಟರಿನ ಈಜಿನಲ್ಲಿ ಸ್ವರ್ಣಪದಕ ಪಡೆದ ಈತನು, ೧೯೧೪-೧೫ರ ಬೇಸಗೆಯಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ಬಳಿಯ ಫ್ರೆಶ್‌ವಾಟರ್ ತೀರದಲ್ಲಿ ಹಲಗೆಯ ಸವಾರಿಯನ್ನು ಪ್ರದರ್ಶಿಸಿ ಆ ಖಂಡಕ್ಕೆ ಹುಚ್ಚು ಹಿಡಿಸಿದನು. ಅಳಿವಿನಂಚಿಗೆ ಹೋಗಿದ್ದ ಈ ವಿದ್ಯೆಯು ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಕಿನಲ್ಲಿ ಮೊದಲ ಬಾರಿಗೆ ಸ್ಥಾನವನ್ನು ಪಡೆಯಿತು.

ಕಡಲಿಲ್ಲದ ನಾಡಿನವರು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವು ಅಮೆರಿಕದ ಒಳನಾಡಿನ ಸರೋವರಗಳಲ್ಲಿ ಮೂಡಿತು. ೧೯೨೨ರಲ್ಲಿ ಮಿನೆಸೋಟದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ತರುಣನು ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಮೋಟಾರು ದೋಣಿಯಿಂದ ಎಳೆಸಿಕೊಂಡು ನೀರಿನ ಮೇಲೆ ಜಾರಿದನು. ಮುಂದೆ ೧೯೫೦ ಮತ್ತು ೬೦ರ ದಶಕಗಳಲ್ಲಿ ಕಡಲಿನ ಹಲಗೆಗಳನ್ನೇ ತಂದು ದೋಣಿಯ ಹಿಂದಲೆಯ ಮೇಲೆ ನಿಂತವರು ಕಾಣಿಸಿಕೊಂಡರು. ಎಳೆಸಿಕೊಳ್ಳುವುದಕ್ಕೂ ಹಗ್ಗ ಬಿಟ್ಟು ಅಲೆಯಿಂದಲೇ ಸಾಗುವುದಕ್ಕೂ ಇರುವ ಅಂತರವು, ಕೈಹಿಡಿದು ತಿದ್ದಿಸಿದ ಅಕ್ಷರಕ್ಕೂ ತಾನೇ ಬರೆದ ಅಕ್ಷರಕ್ಕೂ ಇರುವ ಅಂತರದಂತಹುದು.

ಎರಡನೆಯದು ಶಾಸ್ತ್ರ. ನಮ್ಮ ತಾರ್ಕಿಕರು ಶಬ್ದವು ಕಿವಿಗೆ ತಲಪುವ ಬಗೆಯನ್ನು ವಿವರಿಸುವಾಗ ವೀಚೀತರಂಗ ನ್ಯಾಯವನ್ನು ಹೇಳುತ್ತಾರೆ. ಒಂದು ಅಲೆ ಮತ್ತೊಂದು ಅಲೆಯನ್ನು ಹುಟ್ಟಿಸುತ್ತ ಸಾಗುವುದೆಂದು ಅದರ ತಾತ್ಪರ್ಯ. ಅಲೆಗೆ ತನ್ನದೇ ಆದ ನಡಿಗೆಯುಂಟೆಂಬುದನ್ನು ಪಶ್ಚಿಮದಲ್ಲಿ ಕಣ್ಣಾರೆ ಕಂಡು ಬರೆದವರಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ರಸೆಲ್ ಒಬ್ಬನು. ೧೮೩೪ರಲ್ಲಿ ಎಡಿನ್‌ಬರೋ ಸಮೀಪದ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ತಟ್ಟನೆ ನಿಂತಾಗ, ಅದರ ಮುಂದಿದ್ದ ನೀರಿನ ದಿಬ್ಬವು ನಿಲ್ಲದೆ ತಾನೊಂದೇ ಮುಂದೆ ಹೊರಟುಹೋಯಿತು. ರಸೆಲ್ಲನು ಕುದುರೆಯೇರಿ ಒಂದೆರಡು ಮೈಲಿಗಳವರೆಗೆ ಅದನ್ನು ಹಿಂಬಾಲಿಸಿದನು. ಬಳಿಕ ವಿಲಿಯಂ ಫ್ರೂಡ್ ಎಂಬಾತನು ೧೮೭೨ರಲ್ಲಿ ಟಾರ್ಕಿ ಎಂಬ ಊರಿನಲ್ಲಿ ಉದ್ದವಾದ ತೊಟ್ಟಿಯನ್ನು ಕಟ್ಟಿಸಿ, ಹಡಗಿನ ಚಿಕ್ಕ ಮಾದರಿಗಳನ್ನು ಎಳೆಸಿ, ವೇಗಕ್ಕೂ ಉದ್ದಕ್ಕೂ ಅಲೆಗೂ ಇರುವ ಸಂಬಂಧವನ್ನು ಅಳೆದನು. ೧೮೮೭ರಲ್ಲಿ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ನನು, ಆಳವಾದ ನೀರಿನಲ್ಲಿ ಹಿಂದಲೆಯ ಎರಡು ತೋಳುಗಳು ನಡುಗೆರೆಯಿಂದ ಸುಮಾರು ೧೯ ಡಿಗ್ರಿ ೨೮ ಮಿನಿಟುಗಳ ಕೋನದಲ್ಲಿ ಹರಡುವುವೆಂದು ಗಣಿತದಿಂದ ತೋರಿಸಿದನು.

ಈ ಗಣಿತದಿಂದ ಆಟಗಾರನಿಗೆ ಏನು ಲಾಭವೆಂದರೆ, ಹಿಂದಲೆಯು ದೋಣಿಯ ವೇಗದಲ್ಲಿಯೇ ಸಾಗುತ್ತದೆ, ಮತ್ತು ವೇಗವು ಹೆಚ್ಚಿದಂತೆ ಅಲೆಯಿಂದ ಅಲೆಗೆ ಇರುವ ದೂರವು ಹೆಚ್ಚುತ್ತದೆ. ಗಂಟೆಗೆ ೧೦ ಮೈಲಿ ವೇಗದಲ್ಲಿ ಆ ದೂರವು ಸುಮಾರು ೪೨ ಅಡಿ. ಇಪ್ಪತ್ತು ಅಡಿಯ ದೋಣಿಯು ಆಗ ತಾನೆಬ್ಬಿಸಿದ ಅಲೆಯ ಅರ್ಧದಷ್ಟನ್ನೇ ಆವರಿಸುವುದರಿಂದ, ಅದರ ಮೂತಿ ಮೇಲಕ್ಕೆದ್ದು ಹಿಂಬದಿ ತಗ್ಗಿನಲ್ಲಿ ಕುಳಿತುಬಿಡುತ್ತದೆ. ಅಲೆಯು ದೊಡ್ಡದಾಗಿ ಏಳುವುದು ಈ ಸ್ಥಿತಿಯಲ್ಲಿಯೇ. ವೇಗವನ್ನು ಇನ್ನೂ ಹೆಚ್ಚಿಸಿದರೆ ದೋಣಿಯು ನೀರಿನ ಮೇಲ್ಮೈಗೆ ಎದ್ದು ಜಾರತೊಡಗಿ, ಹಿಂದಲೆಯು ಚಪ್ಪಟೆಯಾಗುವುದು. ಆದುದರಿಂದ ಈ ಸವಾರಿಗೆ ಗಂಟೆಗೆ ೯ ರಿಂದ ೧೧ ಮೈಲಿಗಳ ವೇಗವೇ ತಕ್ಕುದು. ಅದು ಯಾರದೋ ಮನಸ್ಸಿಗೆ ತೋರಿದ ಅಂಕೆಯಲ್ಲ.

ಮೂರನೆಯದು ನೌಕೆ. ನೀರನ್ನು ಒಳಗೆ ಸೇದಿ ಹಿಂದಕ್ಕೆ ರಭಸದಿಂದ ಎಸೆದರೆ ದೋಣಿ ಮುಂದಕ್ಕೆ ಹೋಗುವುದೆಂಬ ಯೋಚನೆ ಹಳೆಯದು. ದಾನಿಯೇಲ್ ಬೆರ್ನೂಲಿಯು ೧೭೩೮ರಲ್ಲಿ ಪ್ರಕಟಿಸಿದ ಜಲಶಾಸ್ತ್ರದ ಗ್ರಂಥದಲ್ಲಿಯೇ ಇದರ ವಿಚಾರವಿದೆ. ಅಮೆರಿಕದ ಜೇಮ್ಸ್ ರಮ್ಸಿಯು ೧೭೮೭ರಲ್ಲಿ ಪೊಟೋಮ್ಯಾಕ್ ನದಿಯಲ್ಲಿ ಉಗಿಯ ಪಂಪಿನಿಂದ ನೀರನ್ನು ಹಿಂದಕ್ಕೆಸೆಯುವ ದೋಣಿಯನ್ನು ನಡೆಸಿ ತೋರಿಸಿದನು. ಬ್ರಿಟಿಷ್ ನೌಕಾದಳವು ೧೮೬೬ರಲ್ಲಿ ಈ ತತ್ತ್ವದ ಮೇಲೆ ‘ವಾಟರ್‌ವಿಚ್’ ಎಂಬ ಹಡಗನ್ನು ಕಟ್ಟಿಸಿ ಪರೀಕ್ಷಿಸಿತು. ಆದರೆ ನೀರಿನೊಳಗೆ ತಿರುಗುವ ಪ್ರೊಪೆಲ್ಲರಿನ ಮುಂದೆ ಈ ಉಪಾಯಗಳು ಆಗ ನಿಲ್ಲಲಿಲ್ಲ.

ಇದು ಬಳಕೆಗೆ ಬಂದದ್ದು ನ್ಯೂಜೀಲೆಂಡಿನ ಒಬ್ಬ ಕುರಿಸಾಕಣೆಗಾರನ ಕೈಯಲ್ಲಿ. ವಿಲಿಯಂ ಹ್ಯಾಮಿಲ್ಟನ್ (೧೮೯೯-೧೯೭೮) ದಕ್ಷಿಣ ದ್ವೀಪದ ಮೆಕೆಂಜಿ ಸೀಮೆಯ ಐರಿಷ್‌ಮನ್ ಕ್ರೀಕ್ ಎಂಬ ಹುಲ್ಲುಗಾವಲಿನ ಒಡೆಯ, ಯಂತ್ರಗಳಲ್ಲಿ ಸ್ವಯಂಶಿಕ್ಷಿತನು. ಆ ಸೀಮೆಯ ನದಿಗಳು ಹಿಮಗಡ್ಡೆಗಳಿಂದ ಹುಟ್ಟಿ, ಬೆಣಚುಗಲ್ಲಿನ ಹಾಸಿನ ಮೇಲೆ ಹತ್ತಾರು ಕವಲಾಗಿ, ಎಷ್ಟೋ ಕಡೆ ಮೊಣಕಾಲಿನ ಆಳವೂ ಇಲ್ಲದೆ ರಭಸದಿಂದ ಹರಿಯುತ್ತವೆ. ಅಲ್ಲಿ ಪ್ರೊಪೆಲ್ಲರನ್ನು ಇಳಿಬಿಟ್ಟರೆ ಕಲ್ಲಿಗೆ ಬಡಿದು ಮುರಿಯುವುದು ಖಂಡಿತ. ಇದಕ್ಕೆ ಪರಿಹಾರವನ್ನು ಹುಡುಕುತ್ತ ಹ್ಯಾಮಿಲ್ಟನ್ನನು ೧೯೫೪ರ ಸುಮಾರಿಗೆ ಜೆಟ್ ದೋಣಿಯನ್ನು ಸಿದ್ಧಪಡಿಸಿದನು. ನೀರನ್ನು ದೋಣಿಯ ತಳದ ಕೆಳಗೆ ಬಿಡುತ್ತಿದ್ದ ಮೊದಲಿನ ಕ್ರಮವನ್ನು ಬಿಟ್ಟು, ಹೊರಬೀಳುವ ಬಾಯಿಯನ್ನು ಹಿಂಬದಿಯಲ್ಲಿ ನೀರಿನ ಮಟ್ಟಕ್ಕಿಂತ ತುಸು ಮೇಲಕ್ಕೆ ತಂದುದು ಅವನ ಮುಖ್ಯವಾದ ಸುಧಾರಣೆ. ಅದರಿಂದ ವೇಗವೂ ಹೆಚ್ಚಿತು, ತಳದ ಕೆಳಗೆ ತೊಡಕುವ ವಸ್ತುವೇ ಇಲ್ಲದಂತಾಯಿತು. ಮೂಲಕಲ್ಪನೆಯ ಕೀರ್ತಿಯನ್ನು ಆತನು ತಾನು ಇಟ್ಟುಕೊಳ್ಳದೆ ಪ್ರಾಚೀನ ಗ್ರೀಕರ ಆರ್ಕಿಮಿಡೀಸನಿಗೆ ಸಲ್ಲಿಸುತ್ತಿದ್ದನು.

೧೯೬೦ರಲ್ಲಿ ಈ ಬಗೆಯ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ಕಮರಿಯಲ್ಲಿ ಕೊಲರಾಡೋ ನದಿಯನ್ನು ಪ್ರವಾಹಕ್ಕೆದುರಾಗಿ ಏರಿದವು. ನಮ್ಮ ದೇಶಕ್ಕೂ ಇವುಗಳ ಚರಿತ್ರೆಯಲ್ಲಿ ಪಾಲುಂಟು. ೧೯೭೭ರಲ್ಲಿ ಎವರೆಸ್ಟ್ ಶಿಖರವನ್ನೇರಿದ ಎಡ್ಮಂಡ್ ಹಿಲರಿಯು ಮೂರು ಜೆಟ್ ದೋಣಿಗಳೊಡನೆ ಗಂಗಾಸಾಗರದಿಂದ ಹೊರಟು, ಭಾಗೀರಥಿಯ ಮೂಲದತ್ತ ಅಲ್ಲದೆ ಅಲಕನಂದೆಯ ದಾರಿ ಹಿಡಿದು, ನಂದಪ್ರಯಾಗದ ಬಳಿ ಜಲಪಾತವೊಂದು ಅಡ್ಡಗಟ್ಟುವವರೆಗೂ ನೀರಿನ ಮೇಲೆಯೇ ಸಾಗಿದನು. ಯಾವ ಪುಣ್ಯನದಿಯ ಪಾತ್ರವನ್ನು ಯಾತ್ರಿಕರು ಕಾಲ್ನಡಿಗೆಯಿಂದ ಅನುಸರಿಸುತ್ತಿದ್ದರೋ ಅದನ್ನು ಯಂತ್ರವೊಂದು ಎದುರೀಜಿದ್ದನ್ನು ದಡದಲ್ಲಿ ನಿಂತು ಅಸಂಖ್ಯಾತ ಜನರು ಕಂಡರು.

ಈಗ ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ತಳದ ಕೆಳಗೆ ಅಲಗು ಚಾಚಿಕೊಂಡಿರಬಾರದೆಂಬ ಗುಣವನ್ನು ಹ್ಯಾಮಿಲ್ಟನ್ನನು ಸಾಧಿಸಿದುದು ಯಂತ್ರವನ್ನು ಕಲ್ಲಿನಿಂದ ಕಾಪಾಡುವುದಕ್ಕಾಗಿ. ಕಾಲಾಂತರದಲ್ಲಿ ಅದೇ ಗುಣವು ಮನುಷ್ಯನನ್ನು ಯಂತ್ರದಿಂದ ಕಾಪಾಡುವುದಕ್ಕೆ ಒದಗಿತು. ಹಿಂದಲೆಯ ಸವಾರನು ದೋಣಿಯ ಹಿಂಬದಿಗೆ ಹತ್ತೇ ಅಡಿ ದೂರದಲ್ಲಿರುವುದುಂಟು. ಹೊಸಬನಾದರೆ ಅವನು ಬೀಳುವುದು ನಿಶ್ಚಯ, ಬೀಳದೆ ಕಲಿತವನಿಲ್ಲ. ಹಿಂಬದಿಯಿಂದ ಹೊರಕ್ಕೆ ಪ್ರೊಪೆಲ್ಲರು ಚಾಚಿಕೊಂಡಿರುವ ಔಟ್‌ಬೋರ್ಡ್ ದೋಣಿಗಳ ಹಿಂದೆ, ಮತ್ತು ಹಾಗೆಯೇ ಕಟ್ಟಿದ ಸ್ಟರ್ನ್‌ಡ್ರೈವ್ ದೋಣಿಗಳ ಹಿಂದೆ ಈ ಆಟವನ್ನು ಎಂದಿಗೂ ಆಡಕೂಡದೆಂಬುದು ಬಲ್ಲವರ ಮೊದಲ ವಿಧಿ. ಪ್ರೊಪೆಲ್ಲರು ತಳದ ಕೆಳಗೆ ಬಹಳ ಮುಂದಕ್ಕೆ ಅಡಗಿರುವ ಇನ್‌ಬೋರ್ಡ್ ದೋಣಿಗಳು ಇದಕ್ಕಾಗಿಯೇ ತಯಾರಾಗುತ್ತವೆ. ಆದರೆ ಅವು ಬಹು ಬೆಲೆಯವು. ಚಿಕ್ಕ ಜೆಟ್ ದೋಣಿಯಲ್ಲಿ ತಿರುಗುವ ಚಕ್ರವು ಕೊಳವೆಯೊಳಗೆ ಮುಚ್ಚಿಕೊಂಡಿರುವುದರಿಂದ, ಸಾಧಾರಣ ಕುಟುಂಬದವರು ತಮ್ಮಲ್ಲಿರುವ ದೋಣಿಯಲ್ಲಿಯೇ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸಲು ಅವಕಾಶವಾಯಿತು.

ಆದರೆ ಇಲ್ಲಿಯೇ ತೊಡಕು. ಈ ನೌಕೆಯು ಹುಟ್ಟಿದ್ದೇ ತೆಳುನೀರಿನಲ್ಲಿ ಹಗುರವಾಗಿ ಹಾರಿಹೋಗುವುದಕ್ಕೆ. ನೀರಿನಲ್ಲಿ ಆಳವಾಗಿ ಕುಳಿತು ದೊಡ್ಡ ಅಲೆಯನ್ನೆಬ್ಬಿಸುವುದು ಅದರ ಸ್ವಭಾವವೇ ಅಲ್ಲ. ಹಗುರಾಗಿರಲೆಂದು ಕಟ್ಟಿದ ದೋಣಿಗೆ ಭಾರ ಹೇರಿ, ನೆಟ್ಟಗೆ ತೇಲಲೆಂದು ಕಟ್ಟಿದುದನ್ನು ವಾಲಿಸಿ, ವೇಗಕ್ಕಾಗಿ ಕಟ್ಟಿದುದನ್ನು ಮೆಲ್ಲಗೆ ನಡೆಸಬೇಕಾಗಿದೆ. ಆದುದರಿಂದ ಅಣಿಗೊಳಿಸುವವನಿಗೆ ಮಿತಜ್ಞಾನವು ಅತ್ಯವಶ್ಯ.

ಭಾರಕ್ಕಾಗಿ ಬಳಸತಕ್ಕುದು ನೀರು ತುಂಬಿದ ದಪ್ಪ ಚೀಲಗಳು. ೧೮೦ ಲೀಟರು ಹಿಡಿಸುವ ಒಂದು ಚೀಲವು ಸುಮಾರು ೪೦೦ ಪೌಂಡು ತೂಗುವುದು. ಸವಾರಿ ಮಾಡುವ ಪಕ್ಕದ ಹಿಂಮೂಲೆಯಲ್ಲಿ ಇದನ್ನಿಟ್ಟರೆ ದೋಣಿಯು ಆ ಕಡೆಗೆ ವಾಲಿ, ಆ ಪಕ್ಕದ ಅಲೆಯು ಎತ್ತರವೂ ನಿರ್ಮಲವೂ ಆಗುವುದು. ಭಾರವೆಲ್ಲವೂ ಹಿಂದೆಯೇ ಇದ್ದರೆ ಅಲೆಯು ಕಡಿದಾಗಿ ಗಿಡ್ಡವಾಗುವುದು. ಸ್ವಲ್ಪ ಭಾರವನ್ನು ಮುಂದಕ್ಕೆ ಸರಿಸಿದರೆ ಉದ್ದವಾಗಿ ಚಾಚಿಕೊಳ್ಳುವುದು. ಹೊಸಬನಿಗೆ ಬೇಕಾದುದು ಎತ್ತರವಲ್ಲ, ಉದ್ದ. ದೋಣಿಯಲ್ಲಿ ಕುಳಿತಿರುವವರೂ ಭಾರವೇ ಆದುದರಿಂದ, ಚೀಲಕ್ಕಿಂತ ಮೊದಲು ಅವರ ಆಸನಗಳನ್ನು ಬದಲಾಯಿಸಿ ನೋಡತಕ್ಕದ್ದು. ಎಡಗಾಲನ್ನು ಮುಂದಿಟ್ಟು ನಿಲ್ಲುವವನು ದೋಣಿಯ ಎಡಪಕ್ಕದ ಅಲೆಯನ್ನೂ, ಬಲಗಾಲನ್ನು ಮುಂದಿಡುವವನು ಬಲಪಕ್ಕದ ಅಲೆಯನ್ನೂ ಆರಿಸಿಕೊಂಡರೆ ಅಲೆಗೆ ಮುಖವಾಗಿ ನಿಂತಂತಾಗುವುದು.

ಇದರೊಡನೆ ‘ವೇಕ್ ಶೇಪರ್’ ಎಂಬ ಚಿಕ್ಕ ಫಲಕವೊಂದುಂಟು. ಹೀರುಬಟ್ಟಲುಗಳಿಂದ ಇದನ್ನು ದೋಣಿಯ ಹಿಂಭಾಗದಲ್ಲಿ, ಸವಾರಿಗೆ ವಿರುದ್ಧವಾದ ಪಕ್ಕದಲ್ಲಿ, ನೀರಿನೊಳಗೆ ಅಂಟಿಸುವರು. ದೋಣಿಯ ಎರಡು ಬದಿಯ ನೀರೂ ಹಿಂದೆ ಬೇಗನೆ ಕೂಡಿದರೆ ಅಲೆಯು ನೊರೆಯಾಗಿ ಒಡೆದುಹೋಗುವುದು. ಈ ಫಲಕವು ಒಂದು ಬದಿಯ ನೀರನ್ನು ಹೊರಕ್ಕೆ ತಳ್ಳಿ ಆ ಕೂಟವನ್ನು ತಡಮಾಡುವುದರಿಂದ, ಮತ್ತೊಂದು ಬದಿಯ ಅಲೆಗೆ ನುಣುಪಾದ ಮೈ ಬರುವುದು. ಭಾರವನ್ನು ಹೆಚ್ಚಿಸದೆ ಅಲೆಯನ್ನು ತಿದ್ದುವ ಉಪಾಯವಾದುದರಿಂದ ಚಿಕ್ಕ ದೋಣಿಗೆ ಇದೇ ಶ್ರೇಯಸ್ಕರ.

ಮಿತಿಯೆಲ್ಲಿ? ಅಮೆರಿಕದಲ್ಲಿ ೨೦ ಅಡಿಗಿಂತ ಚಿಕ್ಕದಾದ ಮೋಟಾರು ದೋಣಿಗಳ ಮೇಲೆ ಅದು ಹೊರಬಲ್ಲ ಜನರನ್ನೂ ತೂಕವನ್ನೂ ಕೆತ್ತಿದ ಫಲಕವಿರಬೇಕೆಂಬ ನಿಯಮವುಂಟು. ನೀರಿನ ಚೀಲವೂ ಆ ತೂಕದ ಲೆಕ್ಕಕ್ಕೆ ಸೇರಿದುದೇ. ನಾನೂರು ಪೌಂಡಿನ ಚೀಲವನ್ನಿಟ್ಟರೆ ಇಬ್ಬರು ಮೂವರು ದಡದಲ್ಲಿಯೇ ಉಳಿಯಬೇಕು. ಅತಿಭಾರದ ದೋಣಿಯ ಹಿಂಬದಿಯಲ್ಲಿ ತನ್ನದೇ ಅಲೆಯು ಒಳನುಗ್ಗಬಹುದು. ಅತಿಯಾಗಿ ವಾಲಿದರೆ ನೀರು ಸೇದುವ ಬಾಯಿಗೆ ಗಾಳಿ ಸೇರಿ ಯಂತ್ರವು ಹಿಡಿತ ತಪ್ಪುವುದು. ಅಲೆಯ ಲೋಭಕ್ಕೆ ಬಿದ್ದು ಈ ಮಿತಿಯನ್ನು ದಾಟುವವನು, ಯಾವ ಕ್ಷೇಮಕ್ಕಾಗಿ ಜೆಟ್ ದೋಣಿಯನ್ನು ಆರಿಸಿದನೋ ಆ ಕ್ಷೇಮವನ್ನೇ ಮಾರಿಕೊಂಡಂತಾಯಿತು.

ಅಲಗಿಲ್ಲದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಕೂಡದು. ಹಿಂಬದಿಯಿಂದ ಹೊರಡುವ ಜಲಧಾರೆಯು ಅತ್ಯಂತ ರಭಸವಾದುದು. ಅದರ ಬಾಯಿಗೆ ಸಮೀಪವಾಗಿ ಬಿದ್ದವನ ದೇಹದೊಳಗೆ ನೀರು ನುಗ್ಗಿ ಘೋರವಾದ ಗಾಯವಾಗಬಹುದೆಂದು ಜೆಟ್ ವಾಹನಗಳ ತಯಾರಕರೇ ಎಚ್ಚರಿಸಿ, ಸಾಧಾರಣ ಈಜುಡುಗೆಯ ಬದಲು ದಪ್ಪನೆಯ ರಬ್ಬರಿನಂತಹ ಉಡುಪನ್ನು ವಿಧಿಸುತ್ತಾರೆ. ಸವಾರನು ಧಾರೆಯ ನೇರದಲ್ಲಿ ನಿಲ್ಲದೆ ಪಕ್ಕದ ಅಲೆಯಲ್ಲಿರಬೇಕು. ತಳದ ಸೇದುಬಾಯಿಯು ಸಡಿಲವಾದ ಹಗ್ಗವನ್ನೂ ಕೂದಲನ್ನೂ ಎಳೆದುಕೊಳ್ಳಬಲ್ಲುದು; ಆದುದರಿಂದ ನೀರಿನಲ್ಲಿರುವವನು ದೋಣಿಯನ್ನೇರುವಾಗ ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸತಕ್ಕದ್ದು. ಜೆಟ್ ದೋಣಿಗೆ ಚುಕ್ಕಾಣಿಯೆಂದರೆ ಹೊರಡುವ ಧಾರೆಯೇ. ಧಾರೆ ನಿಂತರೆ ದೋಣಿ ತಿರುಗದು. ಬಿದ್ದವನ ಬಳಿಗೆ ಹಿಂದಿರುಗುವಾಗ ನಡೆಸುವವನು ಇದನ್ನು ಮರೆತರೆ ಅನರ್ಥವಾದೀತು.

ಕಣ್ಣಿಗೆ ಕಾಣದ ಶತ್ರುವೂ ಒಂದುಂಟು. ಯಂತ್ರದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೆಲ್ಲಗೆ ಸಾಗುವ ದೋಣಿಯ ಹಿಂಬದಿಯಲ್ಲಿ ಅದು ಕೂಡಿಕೊಳ್ಳುತ್ತದೆ. ದೋಣಿಯ ಹಿಂದಿನ ಮೆಟ್ಟಿಲನ್ನು ಹಿಡಿದುಕೊಂಡು ಅಲೆಯಲ್ಲಿ ಜಾರುತ್ತಿದ್ದವರು ಅಮೆರಿಕದಲ್ಲಿ ಪ್ರಾಣ ಕಳೆದುಕೊಂಡುದರಿಂದ, ಕ್ಯಾಲಿಫೋರ್ನಿಯ ರಾಜ್ಯವು ೨೦೦೫ರಿಂದ ಆ ಪದ್ಧತಿಯನ್ನು ಕಾಯಿದೆಯಿಂದ ನಿಷೇಧಿಸಿತು. ಸವಾರನನ್ನು ಹಿಂದಿನ ಮೆಟ್ಟಿಲಿನ ಬಳಿ ಕಾಯಿಸದಿರುವುದೂ, ಗಾಳಿಯು ಹಿಂದಿನಿಂದ ಬೀಸುವಾಗ ಎಚ್ಚರದಿಂದಿರುವುದೂ ಇದರಿಂದ ಕಲಿಯತಕ್ಕ ಪಾಠ.

ಇನ್ನು ಕಲಿಸುವ ಕ್ರಮ. ಸೂಕ್ಷ್ಮವಾದ ಅರುಂಧತೀ ನಕ್ಷತ್ರವನ್ನು ತೋರಿಸುವವನು ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸುತ್ತಾನೆ. ಬಾಲಕನಿಗೆ ಮೊದಲು ಮರಳಿನ ಮೇಲೆ ದಪ್ಪಕ್ಷರವನ್ನು ತಿದ್ದಿಸುವುದೂ ಇದೇ ನ್ಯಾಯದಿಂದ. ಹೊಸಬನಿಗೆ ಅಗಲವೂ ದಪ್ಪವೂ ಆದ, ಚೆನ್ನಾಗಿ ತೇಲುವ ಹಲಗೆಯನ್ನೇ ಕೊಡಬೇಕು. ತೇಲುಕವಚವನ್ನು ತೊಟ್ಟು ನೀರಿನಲ್ಲಿ ಮಲಗಿ, ಹಿಮ್ಮಡಿಗಳನ್ನು ಹಲಗೆಯ ಅಂಚಿನ ಮೇಲಿಟ್ಟು, ಮೊಣಕಾಲು ಮಡಿಸಿ, ಇಪ್ಪತ್ತು ಅಡಿಯಷ್ಟು ಗಿಡ್ಡ ಹಗ್ಗವನ್ನು ಹಿಡಿದು, ತಾನು ಎಳೆಯದೆ ದೋಣಿಯೇ ಎಳೆಯುವವರೆಗೆ ತಾಳ್ಮೆಯಿಂದಿರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಕೂಡದು. ನಡೆಸುವವನು ವೇಗವನ್ನು ಮೆಲ್ಲಗೆ ಏರಿಸಬೇಕು; ಸವಾರನ ಮೇಲೆ ಕಣ್ಣಿಡುವುದಕ್ಕೆ ಮತ್ತೊಬ್ಬನಿರಬೇಕು. ದಡದಿಂದ ೨೦೦ ಅಡಿಗಳಾದರೂ ದೂರದಲ್ಲಿ, ಆಳವಾದ ನೀರಿನಲ್ಲಿ ಆಡಿದರೆ ಅಲೆಯೂ ಚೆನ್ನಾಗಿರುವುದು, ದಡದ ಮಣ್ಣು ಕೊಚ್ಚಿಹೋಗುವುದೂ ಕಡಿಮೆಯಾಗುವುದು. ಹಗ್ಗವು ತಾನಾಗಿ ಸಡಿಲವಾಯಿತೆಂದರೆ ಅಲೆಯು ಸವಾರನನ್ನು ಹೊತ್ತಿತೆಂದು ಅರ್ಥ. ಹಗ್ಗವನ್ನು ದೋಣಿಯೊಳಕ್ಕೆ ಎಸೆಯತಕ್ಕುದು ಆಗಲೇ.

ಕನ್ನಡನಾಡಿಗೆ ಅಲೆಯ ಸವಾರಿ ಅಪರಿಚಿತವಲ್ಲ. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ, ಶಾಂಭವಿ ನದಿಯು ಕಡಲನ್ನು ಸೇರುವ ಪ್ರದೇಶದಲ್ಲಿ, ಈ ಶತಮಾನದ ಮೊದಲ ವರ್ಷಗಳಿಂದಲೂ ಹಲಗೆಯ ವಿದ್ಯೆಯನ್ನು ಕಲಿಸುತ್ತ ಬಂದಿದ್ದಾರೆ. ೨೦೧೬ರಲ್ಲಿ ಸಮೀಪದ ಸಸಿಹಿತ್ಲು ತೀರದಲ್ಲಿ ದೇಶಮಟ್ಟದ ಪಂದ್ಯಗಳು ನಡೆದವು. ಬೆಸ್ತರ ಮಕ್ಕಳು ಹುಟ್ಟಿನಿಂದ ಬಲ್ಲ ಅಲೆಗಳು ಅಲ್ಲಿವೆ. ಮುಂದೆ ನಮ್ಮ ಒಳನಾಡಿನ ಜಲಾಶಯಗಳಲ್ಲಿ ಯಾರಾದರೂ ದೋಣಿಯ ಹಿಂದಲೆಯನ್ನೇರಲು ಮನಸ್ಸು ಮಾಡಿದರೆ, ಅವರು ಮೊದಲು ಕೇಳಬೇಕಾದ ಪ್ರಶ್ನೆಯು ಅಲೆ ಎಷ್ಟು ಎತ್ತರವೆಂಬುದಲ್ಲ. ಬಿದ್ದವನು ಎಲ್ಲಿ ಬೀಳುತ್ತಾನೆ ಎಂಬುದು. ಸಣ್ಣ ಅಲೆಯಲ್ಲಿ ನೂರು ಸಲ ಬಿದ್ದು ನೂರೊಂದನೆಯ ಸಲ ಎದ್ದು ನಿಂತವನಿಗೆ ದೊಡ್ಡ ಅಲೆಯನ್ನು ಹುಡುಕಿಕೊಡುವವರು ಸಿಕ್ಕೇ ಸಿಕ್ಕುವರು. ನೂರು ಸಲವೂ ಅವನು ಕ್ಷೇಮವಾಗಿ ಮೇಲೆದ್ದು ಬರುವಂತೆ ನೋಡಿಕೊಳ್ಳುವುದು ದೋಣಿಯನ್ನು ಅಣಿಗೊಳಿಸುವವನ ಹೊಣೆ.